ದಂಡಿನ ಹಿಂದೆ ಬಂದವರು

ಬೆಂಗಳೂರಿನ ಸಾಹಿತ್ಯ ಸಭೆಗಳಲ್ಲಿ ನಮಗೆ ಆಗಾಗ ಎದುರಾಗುವ ಮಾತುಕತೆಯೊಂದಿದೆ. ಸಭೆ ಮುಗಿದು ಕಾಫಿ ಕುಡಿಯುವಾಗ ಯಾರಾದರೂ ಪ್ರೀತಿಯಿಂದಲೇ ಹತ್ತಿರ ಬಂದು, "ಕನ್ನಡ ತುಂಬ ಚೆನ್ನಾಗಿ ಮಾತಾಡ್ತೀರಿ ಸಾರ್, ಯಾವೂರು ನಿಮ್ದು?" ಎನ್ನುತ್ತಾರೆ. "ಇಲ್ಲೇ, ಶಿವಾಜಿನಗರ" ಎನ್ನುತ್ತೇವೆ. "ಅದು ಸರಿ, ಮೂಲ ಯಾವೂರು?" ಎಂಬುದು ಮುಂದಿನ ಪ್ರಶ್ನೆ. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಅದು ನಮಗೆ ಗೊತ್ತು. ಮಂಡ್ಯದಿಂದಲೋ ಹಾಸನದಿಂದಲೋ ಇಪ್ಪತ್ತು ವರ್ಷದ ಹಿಂದೆ ಬಂದವರು ಅವರು. ಅವರಿಗೊಂದು ಮೂಲವಿದೆ, ಅಲ್ಲೊಂದು ತೋಟವೋ ದೇವಸ್ಥಾನವೋ ಇದೆ. ಶಿವಾಜಿನಗರ ಒಂದು ಮೂಲವಾಗಬಲ್ಲದು ಎಂದು ಅವರಿಗೆ ಹೊಳೆಯುವುದಿಲ್ಲ. ನಿಜ ಹೇಳಬೇಕೆಂದರೆ ನಮಗೂ ಬಹಳ ಕಾಲ ಹೊಳೆದಿರಲಿಲ್ಲ.

ನಮ್ಮ ನಾನಿಗೆ ಮಾತ್ರ ಈ ವಿಷಯದಲ್ಲಿ ಗೊಂದಲವಿರಲಿಲ್ಲ. "ಹಮೇ ಲಷ್ಕರ್ ಕೆ ಪೀಛೇ ಆಯೆಸೋ ಲೋಗಾಂ" ಎನ್ನುತ್ತಿದ್ದರು. ನಾವು ದಂಡಿನ ಹಿಂದೆ ಬಂದ ಜನ ಎಂದು ಅದರ ಅರ್ಥ. ಅವರ ತಾತನ ಕಾಲದ ಹಿರಿಯರೊಬ್ಬರು ಆರ್ಕಾಟಿನ ಕಡೆಯಿಂದ ಕುದುರೆಗಳಿಗೆ ಲಾಳ ಕಟ್ಟುತ್ತ ಪಡೆಯ ಜೊತೆ ನಡೆದು ಬಂದವರಂತೆ. ಈ ಮಾತಿಗೆ ದಾಖಲೆಯಿಲ್ಲ. ಆದರೆ ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್‌ಗಳಲ್ಲಿ ಹತ್ತು ಮನೆಯ ಹಿರಿಯರನ್ನು ಕೇಳಿದರೆ ಏಳು ಮನೆಯಲ್ಲಾದರೂ ಇಂಥದೇ ಕಥೆ ಸಿಗುತ್ತದೆ. ಕೆಲಸ ಬೇರೆ, ಹೊರಟ ಊರು ಬೇರೆ, ಮುಂದೆ ನಡೆದ ದಂಡು ಮಾತ್ರ ಒಂದೇ.

ಕನ್ನಡದಲ್ಲಿ ಕಂಟೋನ್ಮೆಂಟಿಗೆ ದಂಡು ಎಂದೇ ಹೆಸರು. ರೈಲು ನಿಲ್ದಾಣದ ಫಲಕದಲ್ಲಿ ಇಂದಿಗೂ 'ಬೆಂಗಳೂರು ದಂಡು' ಎಂದು ಬರೆದಿದೆ. ಉರ್ದುವಿನ ಲಷ್ಕರ್ ಎಂಬುದೂ ಅದೇ ಅರ್ಥದ್ದು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, 'ಉರ್ದು' ಎಂಬ ಪದವೇ ತುರ್ಕಿ ಭಾಷೆಯ 'ಓರ್ದು'ವಿನಿಂದ ಬಂದದ್ದು. ಅದರ ಅರ್ಥವೂ ಸೇನೆಯ ಬಿಡಾರ. ಹಾಗೆ ನೋಡಿದರೆ ನಮ್ಮ ಮನೆಮಾತಿನ ಹೆಸರೂ ದಂಡು, ನಾವು ಹುಟ್ಟಿದ ಜಾಗದ ಹೆಸರೂ ದಂಡು. ಬಿಡಾರದ ಹೆಸರು ಹೊತ್ತ ಜನರನ್ನು ಇನ್ನೂರು ವರ್ಷವಾದ ಮೇಲೂ ಬಿಡಾರದವರೆಂದೇ ನೋಡಿದರೆ ಅದರಲ್ಲಿ ಆಶ್ಚರ್ಯವೇನಿದೆ?

ದಂಡು ಬರುವ ಮುಂಚೆ ಈ ಪೂರ್ವ ದಿಕ್ಕು ಬರಿದಾಗಿರಲಿಲ್ಲ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದರು ಎಂಬುದು ಎಲ್ಲರ ಬಾಯಲ್ಲಿರುವ ಚರಿತ್ರೆ. ಅದಕ್ಕೂ ಆರೇಳು ಶತಮಾನ ಹಿಂದೆಯೇ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಊರಿನ ಹೆಸರಿದೆ, ಅಲ್ಲಿ ನಡೆದ ಕಾಳಗವೊಂದರ ಪ್ರಸ್ತಾಪವಿದೆ. ಹಲಸಿನ ತೋಪಿನಿಂದ ಹೆಸರು ಪಡೆದ ಹಲಸೂರಿನಲ್ಲಿ ಸೋಮೇಶ್ವರನ ಹಳೆಯ ಗುಡಿ ಇತ್ತು, ಗೌಡರ ಕಾಲದ ಕೆರೆ ಇತ್ತು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಕಲ್ಲುಗಳ ಮೇಲೆ 13ನೆಯ ಶತಮಾನದಿಂದೀಚಿನ ತಮಿಳು ಶಾಸನಗಳಿವೆ. ಬೆಂಗಳೂರಿಗೆ ತಮಿಳು ಬಂದದ್ದು ಬ್ರಿಟಿಷರ ಸಿಪಾಯಿಗಳ ಜೊತೆ ಎಂದು ಅಂದುಕೊಂಡವರು ಒಮ್ಮೆ ದೊಮ್ಮಲೂರಿಗೆ ಹೋಗಿ ಬರುವುದು ಒಳ್ಳೆಯದು. ಈ ನೆಲದಲ್ಲಿ ಭಾಷೆಗಳು ಒಂದರ ಪಕ್ಕ ಒಂದು ಇದ್ದದ್ದು ಹೊಸ ವಿಷಯವಲ್ಲ.

ದಂಡು ಹೇಗೆ ಬಂತು? 1791ರ ಮಾರ್ಚಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಮೊದಲು ಪೇಟೆಯನ್ನೂ ಎರಡು ವಾರಗಳ ನಂತರ ಕೋಟೆಯನ್ನೂ ಗೆದ್ದಿತು. ಟಿಪ್ಪು ಸುಲ್ತಾನರ ಕಿಲ್ಲೇದಾರ ಬಹಾದುರ್ ಖಾನ್ ಕೋಟೆಯ ಒಡಕಿನ ಬಳಿ ಹೋರಾಡುತ್ತಲೇ ಬಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನರೂ ಹುತಾತ್ಮರಾದರು. ಗೆದ್ದ ಸೇನೆ ಶ್ರೀರಂಗಪಟ್ಟಣದಲ್ಲೇ ಉಳಿಯಬೇಕೆಂದುಕೊಂಡಿತ್ತು, ಆದರೆ ಅಲ್ಲಿಯ ಚಳಿಜ್ವರ ಬಿಳಿಯ ಸೈನಿಕರನ್ನು ಬಿಡಲಿಲ್ಲ. ಸುಲ್ತಾನರನ್ನು ಸೋಲಿಸಿದವರನ್ನು ಸೊಳ್ಳೆ ಓಡಿಸಿತು. ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ, ತಂಪು ಗಾಳಿಯ ಬೆಂಗಳೂರು ಅವರ ಕಣ್ಣಿಗೆ ಬಿತ್ತು. 1809ರಲ್ಲಿ ಹಲಸೂರಿನ ಬಯಲಿಗೆ ಸೇನೆ ಬಂದಿತು. ಮದ್ರಾಸ್ ಸೇನೆಯ ಎಂಜಿನಿಯರ್ ಜಾನ್ ಬ್ಲೇಕಿಸ್ಟನ್ ಬೀದಿಗಳ ಗೆರೆ ಎಳೆದ.

ಆ ಗೆರೆಗಳನ್ನು ಇಂದಿಗೂ ಓದಬಹುದು. ಮಧ್ಯೆ ಕವಾಯತಿನ ಮೈದಾನ. ಅದರ ದಕ್ಷಿಣದ ಬೀದಿ ಸೌತ್ ಪರೇಡ್, ಅದೇ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಕಾಲಾಳುಗಳು ಇದ್ದ ಕಡೆ ಇನ್‌ಫೆಂಟ್ರಿ ರಸ್ತೆ, ಕುದುರೆಪಡೆಯ ಹೆಸರಿನಲ್ಲಿ ಕ್ಯಾವಲ್ರಿ ರಸ್ತೆ (ಇಂದಿನ ಕಾಮರಾಜ ರಸ್ತೆ), ಫಿರಂಗಿಯವರ ಹೆಸರಿನಲ್ಲಿ ಆರ್ಟಿಲರಿ ರಸ್ತೆ, ಜೊತೆಗೆ ಬ್ರಿಗೇಡ್ ರಸ್ತೆ. ಅಗಲ ಬೀದಿ, ಮರದ ನೆರಳು, ಹೂದೋಟದ ನಡುವೆ ಮಂಕಿಟಾಪಿನ ಬಂಗಲೆ. ಕಂಟೋನ್ಮೆಂಟ್ ಎಂದರೆ ಹಳೆಯ ಬೆಂಗಳೂರಿಗರು ನೆನೆದು ನಿಟ್ಟುಸಿರು ಬಿಡುವುದು ಇದನ್ನೇ. 1896ರಲ್ಲಿ ಇಲ್ಲಿಗೆ ಬಂದ ಚರ್ಚಿಲ್ ಎಂಬ ಯುವ ಅಧಿಕಾರಿ ಕ್ಲಬ್ಬಿಗೆ ಉಳಿಸಿಹೋದ ಹದಿಮೂರು ರೂಪಾಯಿ ಬಾಕಿಯ ಕಥೆಯನ್ನು ಎಲ್ಲರೂ ಹೇಳಿದ್ದಾರೆ, ನಾವು ಹೇಳುವುದಿಲ್ಲ. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಬಾಕಿಗಳಿವೆ.

ಮೈದಾನದಿಂದ ಉತ್ತರಕ್ಕೆ ನಡೆದು ಕಮರ್ಷಿಯಲ್ ಸ್ಟ್ರೀಟ್ ದಾಟಿದರೆ ಗೆರೆಗಳು ಕಿರಿದಾಗುತ್ತವೆ. ಅಲ್ಲಿ ದಂಡಿಗೆ ಅನ್ನ, ಮಾಂಸ, ಬಟ್ಟೆ, ಜೋಡು ಒದಗಿಸಿದವರ ಬೀದಿಗಳಿವೆ. ಇಬ್ರಾಹಿಂ ಸಾಹಿಬ್ ಸ್ಟ್ರೀಟ್, ನಾರಾಯಣ ಪಿಳ್ಳೈ ಸ್ಟ್ರೀಟ್, ವೀರಪಿಳ್ಳೈ ಸ್ಟ್ರೀಟ್, ಧರ್ಮರಾಜ ಕೋಯಿಲ್ ಸ್ಟ್ರೀಟ್, ಮೀನಾಕ್ಷಿ ಕೋಯಿಲ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್. ನಾಲ್‌ಬಂದರು ಲಾಳ ಕಟ್ಟಿದರು, ಸಾಯೀಸರು ಕುದುರೆ ತಿಕ್ಕಿದರು, ಭಿಸ್ತಿಗಳು ತೊಗಲಿನ ಚೀಲದಲ್ಲಿ ನೀರು ಹೊತ್ತರು, ದರ್ಜಿಗಳು ಸಮವಸ್ತ್ರ ಹೊಲಿದರು, ಕಸಾಯಿಗಳು ಮಾಂಸ ಕೊಟ್ಟರು, ಮುದಲಿಯಾರರು ಗುತ್ತಿಗೆ ಹಿಡಿದು ಕಟ್ಟಡ ಕಟ್ಟಿಸಿದರು. ಹೀಗೆ ಬಂದ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರೇ ನಾವೆಲ್ಲ ಇಂದು ಹೈಕೋರ್ಟ್ ಎಂದು ಕರೆಯುವ ಅಠಾರಾ ಕಚೇರಿಯ ಗುತ್ತಿಗೆದಾರರು. ಅವರು ಗಳಿಸಿದ್ದನ್ನು ದಂಡಿನ ಮಕ್ಕಳ ಶಾಲೆಗೆ ಸುರಿದರು. ಆ ವಿದ್ಯಾಸಂಸ್ಥೆ ಇಂದಿಗೂ ಅವರ ಹೆಸರಿನ ಅಕ್ಷರಗಳಲ್ಲಿ ಆರ್‌ಬಿಎಎನ್‌ಎಂಎಸ್ ಎಂದು ನಡೆಯುತ್ತಿದೆ.

ಈಗ ಸ್ವಲ್ಪ ಕಹಿಯಾದ ಮಾತು. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ, ಚಹಾದ ಹೋಟೆಲುಗಳಲ್ಲಿ, ಆಟೋಗಳ ಹಿಂಬದಿಯಲ್ಲಿ ಟಿಪ್ಪು ಸುಲ್ತಾನರ ಚಿತ್ರವಿದೆ, ಹುಲಿಯ ಚಿತ್ರವಿದೆ. ಸುಲ್ತಾನರನ್ನು ಕೊಂಡಾಡುವ ಭಾಷಣಗಳನ್ನು ಕೇಳುತ್ತಲೇ ನಾವು ಬೆಳೆದೆವು. ಅಭಿಮಾನ ಸಹಜ. ಆದರೆ ಶ್ರೀರಂಗಪಟ್ಟಣದ ಗೋಡೆ ಒಡೆದ ಸೇನೆ ಯಾವುದು? ಮದ್ರಾಸಿನದು. ಅದರಲ್ಲಿ ಮುಸ್ಲಿಂ ಸಿಪಾಯಿಗಳಿರಲಿಲ್ಲವೇ? ಇದ್ದರು, ಬೇಕಾದಷ್ಟಿದ್ದರು. ಹೈದರಾಬಾದಿನ ನಿಜಾಮರ ಸೇನೆಯೂ ಅವರ ಬೆನ್ನಿಗಿತ್ತು. ಆ ಮದ್ರಾಸ್ ಸೇನೆಯೇ ಹಲಸೂರಿಗೆ ಬಂದದ್ದು, ನಮ್ಮಂಥ ಎಷ್ಟೋ ಮನೆತನಗಳು ಅದರ ಹಿಂದೆ ಬಂದದ್ದು. ದಂಡಿನ ಮುಸಲ್ಮಾನರು ಸುಲ್ತಾನರ ಪ್ರಜೆಗಳ ಸಂತಾನವೇನೂ ಅಲ್ಲ. ಬಹಳಷ್ಟು ಮಂದಿ ಸುಲ್ತಾನರನ್ನು ಸೋಲಿಸಿದ ಸೇನೆಯ ಊಟ ಉಂಡವರ ಸಂತಾನ. ನಾವೊಮ್ಮೆ ಮೊಹಲ್ಲಾದ ಸಭೆಯೊಂದರಲ್ಲಿ ಇದನ್ನು ಹೇಳಿದಾಗ ಹಿರಿಯರೊಬ್ಬರು ಬೇಸರ ಮಾಡಿಕೊಂಡು ಎದ್ದುಹೋದರು. ಹೊಟ್ಟೆಪಾಡಿಗೆ ಬಂದದ್ದು ತಪ್ಪೆಂದು ನಾವು ಹೇಳಲಿಲ್ಲ. ಬಡವನಿಗೆ ಯಾವ ಸೇನೆ ಸಂಬಳ ಕೊಡುತ್ತದೋ ಅದೇ ಅವನ ಸೇನೆ. ಆದರೆ ನಮ್ಮ ಚರಿತ್ರೆ ಎಂದರೆ 1799ಕ್ಕೆ ಮುಗಿದುಹೋದ ವೈಭವ ಎಂದು ನಾವೇ ನಂಬಿದರೆ, ಅದರ ನಂತರ ಈ ಬೀದಿಗಳಲ್ಲಿ ಬೆವರು ಸುರಿಸಿದವರನ್ನು ನಾವೇ ಮರೆತಂತಾಗುತ್ತದೆ. ಆಮೇಲೆ ಬೇರೆಯವರು ಮರೆತರೆಂದು ದೂರುವ ಹಕ್ಕು ನಮಗೆಲ್ಲಿದೆ?

ಮರೆತವರಲ್ಲಿ ಒಬ್ಬರು ಆಗಾ ಅಲಿ ಅಸ್ಕರ್. 1824ರಲ್ಲಿ, ಇನ್ನೂ ಹದಿಹರೆಯದಲ್ಲಿ, ಅಣ್ಣತಮ್ಮಂದಿರೊಡನೆ ಇರಾನಿನ ಶಿರಾಜ್ ನಗರದಿಂದ ಕುದುರೆಗಳ ಹಿಂಡು ಹೊಡೆದುಕೊಂಡು ಬೆಂಗಳೂರಿಗೆ ಬಂದರು. ದಂಡಿಗೆ ಬೇಕಾದದ್ದು ಕುದುರೆ. ಇವರ ಬಳಿ ಇದ್ದದ್ದೂ ಕುದುರೆ. ಅಣ್ಣತಮ್ಮಂದಿರು ಮರಳಿದರು, ಇವರು ನಿಂತರು. ಕಮಿಷನರ್ ಮಾರ್ಕ್ ಕಬ್ಬನ್‌ಗೂ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಆಪ್ತರಾದರು. ಕುದುರೆಯ ಹಣದಿಂದ ಬಂಗಲೆ ಕಟ್ಟಿಸಿದರು, ಒಂದೆರಡಲ್ಲ, ನೂರರ ಹತ್ತಿರ ಎನ್ನುತ್ತಾರೆ. ನಾವು 'ಬ್ರಿಟಿಷರ ಕಾಲದ ಬಂಗಲೆ' ಎಂದು ಬೆರಳು ತೋರಿಸುವ ಎಷ್ಟೋ ಮನೆಗಳು ವಾಸ್ತವವಾಗಿ ಒಬ್ಬ ಇರಾನಿ ಕುದುರೆ ವ್ಯಾಪಾರಿ ಕಟ್ಟಿಸಿ ಬ್ರಿಟಿಷರಿಗೆ ಬಾಡಿಗೆಗೆ ಕೊಟ್ಟವು, ಮಾರಿದವು. ಅವರ ಲಾಯವಿದ್ದ ಜಾಗದಲ್ಲಿ ಜಾನ್ಸನ್ ಮಾರ್ಕೆಟ್ ಎದ್ದಿತೆಂದು ಹೇಳುತ್ತಾರೆ. ಅದರ ಎದುರಿಗೆ ಮಸ್ಜಿದ್-ಎ-ಅಸ್ಕರಿ ಇದೆ. ಮೈಸೂರಿನ ದಿವಾನರಾಗಿ 1926ರಿಂದ 1941ರವರೆಗೆ ಆಡಳಿತ ನಡೆಸಿದ ಸರ್ ಮಿರ್ಜಾ ಇಸ್ಮಾಯಿಲ್ ಈ ಕುದುರೆ ವ್ಯಾಪಾರಿಯ ಮೊಮ್ಮಗ. ಮೂರು ತಲೆಮಾರಿನಲ್ಲಿ ಲಾಯದಿಂದ ದಿವಾನಗಿರಿಗೆ ಏರಿದ್ದು ಆ ಮನೆತನದ ಜಾಣತನ. ಏರಲು ಬಿಟ್ಟದ್ದು ಮೈಸೂರು ನೆಲದ ದೊಡ್ಡತನ. ಎರಡನ್ನೂ ಒಪ್ಪಬೇಕು.

ಇನ್ನೊಬ್ಬರು ಹಾಜಿ ಸರ್ ಇಸ್ಮಾಯಿಲ್ ಸೇಟ್. ಕಛ್ ಕಡೆಯ ಮೇಮನ್ ವ್ಯಾಪಾರಿ ಮನೆತನದವರು. ದಂಡಿನಲ್ಲಿ ವ್ಯಾಪಾರ ಬೆಳೆಸಿ ಸರ್ ಪದವಿಯವರೆಗೆ ಹೋದರು. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟನ್ನು 1933ರಲ್ಲಿ ವಿಧಿವತ್ತಾಗಿ ತೆರೆದವರು ಅವರೇ. ಫ್ರೇಜರ್ ಟೌನಿನ ಮಾಸ್ಕ್ ರೋಡಿಗೆ ಆ ಹೆಸರು ತಂದ ಮಸೀದಿ ಅವರ ಹೆಸರಿನದು. ಆದರೆ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಶಿವಾಜಿನಗರದ ಗೋಷಾ ಆಸ್ಪತ್ರೆ. ಗೋಷಾ ಎಂದರೆ ಪರದೆ. ಹೆರಿಗೆ ಕಷ್ಟವಾದರೂ ಪರಪುರುಷನ ಮುಂದೆ ಹೋಗಲಾರೆವೆಂದು ಮನೆಯಲ್ಲೇ ಸಾಯುತ್ತಿದ್ದ ಹೆಣ್ಣುಮಕ್ಕಳಿಗಾಗಿ ಸೇಟ್ ಸಾಹೇಬರು ಕಟ್ಟಿಸಿದ ಆಸ್ಪತ್ರೆ ಅದು. ಪರದೆ ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ಇಂದಿಗೂ ಪತ್ರಿಕೆಗಳ ಪುಟ ತುಂಬುತ್ತದೆ. ಅವರು ಚರ್ಚೆಗೆ ಕಾಯದೆ ಪರದೆಯೊಳಗಿದ್ದವಳಿಗೂ ವೈದ್ಯರು ಸಿಗುವಂತೆ ಮಾಡಿದರು. ಆಮೇಲೆ ಅದು ಸರ್ಕಾರದ ಆಸ್ಪತ್ರೆಯಾಗಿ ಎಲ್ಲ ಜಾತಿಯ ಬಡ ಹೆಣ್ಣುಮಕ್ಕಳಿಗೆ ತೆರೆದುಕೊಂಡಿತು. ಹೆಸರು ಮಾತ್ರ ಗೋಷಾ ಎಂದೇ ಉಳಿಯಿತು. ಶಿವಾಜಿನಗರದ ಎಷ್ಟು ಸೆಲ್ವಿಯರು, ಲಕ್ಷ್ಮಿಯರು, ಮೇರಿಯರು ಆ ಪರದೆಯ ಆಸ್ಪತ್ರೆಯಲ್ಲಿ ಹುಟ್ಟಿದ್ದಾರೋ!

ಮೇರಿ ಎಂದ ಮೇಲೆ ಸಂತ ಮೇರಿಯಮ್ಮನ ಬೆಸಿಲಿಕಾದ ಮಾತು ಬರಲೇಬೇಕು. ರಸೆಲ್ ಮಾರ್ಕೆಟಿನ ಎದುರಿಗೆ ನಿಂತು ತಲೆಯೆತ್ತಿದರೆ ಅದರ ಗಾಥಿಕ್ ಗೋಪುರ ಕಾಣುತ್ತದೆ. ಇದರ ಕಥೆಯಲ್ಲೊಂದು ವಿಚಿತ್ರವಿದೆ. ಟಿಪ್ಪು ಸುಲ್ತಾನರು ಕೊನೆಯವರೆಗೂ ಫ್ರಾನ್ಸಿನಿಂದ ಸೇನೆ ಬರುತ್ತದೆಂದು ಕಾದರು. ಸೇನೆ ಬರಲಿಲ್ಲ. ಸುಲ್ತಾನರು ಹೋದ ಮೇಲೆ ಬಂದವನು ಒಬ್ಬ ಫ್ರೆಂಚ್ ಪಾದ್ರಿ, ಅಬ್ಬೆ ದ್ಯುಬುವಾ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವನು. ಇಲ್ಲಿಯವರಂತೆ ಉಡುಪು ತೊಟ್ಟು, ಸಸ್ಯಾಹಾರ ಉಂಡು, ನಮ್ಮ ಜನರ ರೀತಿನೀತಿಗಳ ಬಗ್ಗೆ ದಪ್ಪ ಪುಸ್ತಕ ಬರೆದ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ದುಡಿದ. ಆ ಪುಸ್ತಕದಲ್ಲಿ ಅವನು ಎಲ್ಲರನ್ನೂ ಬೈದಿದ್ದಾನೆ, ಅದು ಬೇರೆ ಮಾತು. ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಈ ಜಾಗದಲ್ಲಿ 1818ರಲ್ಲಿ ಅವನು ಹಾಕಿಸಿದ ಹುಲ್ಲಿನ ಛಾವಣಿಯ ಪ್ರಾರ್ಥನಾಮಂದಿರವೇ ಬೆಳೆದು, ಅದೇ ಸಂಘದ ಕ್ಲೈನರ್ ಪಾದ್ರಿಯ ಕೈಯಲ್ಲಿ 1882ರ ಹೊತ್ತಿಗೆ ಇಂದಿನ ರೂಪ ಪಡೆಯಿತು. 1974ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವ ಬಂತು. ದಂಡಿನಲ್ಲಿ ಪ್ಯಾರಿಸ್ಸಿನ ಗುರುತು ಇದೊಂದೇ ಅಲ್ಲ. ಹತ್ತು ಹೆಜ್ಜೆ ಆಚೆಯ ಬೌರಿಂಗ್ ಆಸ್ಪತ್ರೆಯನ್ನು 1860ರ ದಶಕದಲ್ಲಿ ಕಟ್ಟುವಾಗ ಮಾದರಿಯಾಗಿ ಇಟ್ಟುಕೊಂಡದ್ದು ಪ್ಯಾರಿಸ್ಸಿನ ಲಾರಿಬೊಯಿಸಿಯೆರ್ ಆಸ್ಪತ್ರೆಯನ್ನು: ರೋಗಿಗಳ ವಾರ್ಡುಗಳು ಬೇರೆಬೇರೆ ಕಟ್ಟಡಗಳಲ್ಲಿ, ನಡುವೆ ಗಾಳಿ ಬೆಳಕು ಆಡುವ ಅಂಗಳ. ಅಲ್ಲಿಯ ಹೊರರೋಗಿಗಳ ಸಾಲಿನಲ್ಲಿ ನಿಂತವರಿಗೆ ತಾವು ಪ್ಯಾರಿಸ್ಸಿನ ನಕ್ಷೆಯೊಳಗೆ ನಿಂತಿದ್ದೇವೆಂಬ ಅರಿವು ಎಲ್ಲಿರಬೇಕು!

ಸೆಪ್ಟೆಂಬರ್ 8 ಮೇರಿಯಮ್ಮನ ಹಬ್ಬ. ಕಾವಿ ಉಟ್ಟ ಹೆಂಗಸರು, ಗಂಡಸರು ದೂರದ ಹಳ್ಳಿಗಳಿಂದಲೂ ನಡೆದು ಬರುತ್ತಾರೆ. ಸಂಜೆ ತೇರು ಹೊರಟಾಗ ನಮ್ಮ ಅಂಗಡಿಗಳವರು ನೀರು ಷರಬತ್ತು ಕೊಡುವುದನ್ನು ಚಿಕ್ಕಂದಿನಿಂದ ಕಂಡಿದ್ದೇವೆ. ನಾನಿಯೂ ಗುಂಪಿನ ಅಂಚಿನಲ್ಲಿ ನಿಂತು, "ಬೀಬಿ ಮರಿಯಂ" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಕುರ್‌ಆನಿನ ಒಂದು ಸೂರಾಕ್ಕೆ ಆ ತಾಯಿಯದೇ ಹೆಸರಿದೆಯಲ್ಲ.

ದಂಡಿನ ಜನ ಕನ್ನಡಕ್ಕೆ ದೂರವಾದದ್ದೇಕೆ ಎಂಬುದಕ್ಕೆ ಉತ್ತರ 1881ರಲ್ಲಿದೆ. ಐವತ್ತು ವರ್ಷ ಮೈಸೂರನ್ನು ತಾವೇ ಆಳಿದ ಬ್ರಿಟಿಷರು ಆ ವರ್ಷ ರಾಜ್ಯವನ್ನು ಒಡೆಯರಿಗೆ ಮರಳಿಸಿದರು, ದಂಡನ್ನು ಮಾತ್ರ ಮರಳಿಸಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಹೆಸರಿಟ್ಟು ತಮ್ಮ ರೆಸಿಡೆಂಟನ ಕೈಯಲ್ಲಿ ಉಳಿಸಿಕೊಂಡರು. ಅಂದಿನಿಂದ ಒಂದು ಬೆಂಗಳೂರಿನೊಳಗೆ ಎರಡು ಬೆಂಗಳೂರು. ಪೇಟೆಗೆ ಮಹಾರಾಜರ ಕಾನೂನು, ದಂಡಿಗೆ ಬ್ರಿಟಿಷರ ಕಾನೂನು. ಪುರಸಭೆ ಬೇರೆ, ಪೊಲೀಸು ಬೇರೆ, ಕೋರ್ಟು ಬೇರೆ. ನಡುವೆ ಕಬ್ಬನ್ ಪಾರ್ಕಿನ ಹಸಿರು ಬೇಲಿ. ರೈಲು ಕೂಡ ಮೊದಲು ಬಂದದ್ದು ದಂಡಿಗೇ, 1864ರಲ್ಲಿ, ಜೋಲಾರಪೇಟೆಯಿಂದ. ಪೇಟೆಯ ಕಡೆಗೆ ಅದು ಮುಂದುವರಿಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. 1901ರ ಜನಗಣತಿಯಲ್ಲಿ ಪೇಟೆಯಲ್ಲಿ ಇದ್ದವರು 69,447 ಮಂದಿ, ದಂಡಿನಲ್ಲಿ 89,599. ಬಿಡಾರವೇ ಊರಿಗಿಂತ ದೊಡ್ಡದಾಗಿತ್ತು.

ಅದಕ್ಕೂ ಮೂರು ವರ್ಷ ಮೊದಲು, 1898ರಲ್ಲಿ, ಅದೇ ರೈಲು ಹಳಿಗಳ ಮೇಲೆ ಪ್ಲೇಗ್ ಬಂದಿತ್ತು. ದಂಡಿನ ಇಕ್ಕಟ್ಟಿನ ಗಲ್ಲಿಗಳಲ್ಲಿ ಸಾವು ಮನೆಮನೆ ಹೊಕ್ಕಿತು. ಆ ಭಯದಿಂದ ಹುಟ್ಟಿದವು ಹೊಸ ಬಡಾವಣೆಗಳು: ಫ್ರೇಜರ್ ಟೌನ್, ಆಮೇಲೆ ಕುಕ್ ಟೌನ್, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್. ಇಂದು ಮಾಸ್ಕ್ ರೋಡಿನಲ್ಲಿ ರಂಜಾನ್ ತಿಂಗಳು ಹಲೀಮು, ಕಬಾಬು ತಿನ್ನಲು ಜಯನಗರದಿಂದ, ಮಲ್ಲೇಶ್ವರದಿಂದ ಬರುವವರಿಗೆ ಈ ಬಡಾವಣೆ ಇಲಿಗಳ ಭಯಕ್ಕೆ ಹುಟ್ಟಿದ್ದೆಂದು ಹೇಳಬಾರದು, ಊಟ ರುಚಿಸಲಿಕ್ಕಿಲ್ಲ. ಅಲ್ಲಿಯೇ 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿ ಎಂಬ ಹೆಸರು ನೋಡಿ: ಆಂಗ್ಲ ರಾಜಮನೆತನದ ಹೆಸರು, ಮುಸ್ಲಿಂ ಮಾಲೀಕರು, ಖೋವಾ ನಾನಿಗೆ ಸಾಲು ನಿಲ್ಲುವವರು ಎಲ್ಲ ಧರ್ಮದವರು. ಇದೇ ದಂಡಿನ ಗುಣ.

ಎರಡು ಆಡಳಿತವೆಂದರೆ ಎರಡು ಲೋಕ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಪೇಟೆಯ ಬೆಂಗಳೂರಿನಲ್ಲಿ. ಮಾಸ್ತಿ, ಡಿ.ವಿ.ಜಿ. ಓಡಾಡಿದ ಕನ್ನಡದ ಬೀದಿಗಳು ಆ ಕಡೆಯವು. ಈ ಕಡೆ ದಂಡಿನ ಅಧಿಕಾರಿಗೆ ಇಂಗ್ಲಿಷ್ ಸಾಕಿತ್ತು, ಸಿಪಾಯಿಗೆ ಹಿಂದುಸ್ತಾನಿ ಸಾಕಿತ್ತು, ಸಂತೆಗೆ ತಮಿಳು ಸಾಕಿತ್ತು. ಅರವತ್ತಾರು ವರ್ಷ, ಎಂದರೆ ಎರಡು ಮೂರು ತಲೆಮಾರು, ದಂಡಿನ ಮನುಷ್ಯನಿಗೆ ಕನ್ನಡ ಬೇಕೆಂದು ಯಾವ ಕಚೇರಿಯೂ ಹೇಳಲಿಲ್ಲ. 1947ರ ಜುಲೈ ಕೊನೆಯಲ್ಲಿ, ಸ್ವಾತಂತ್ರ್ಯಕ್ಕೆ ಮೂರು ವಾರವಿರುವಾಗ, ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡೂ ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಒಂದೇ ದಿನದಲ್ಲಿ ಊರು ಒಂದಾಗುತ್ತದೆ, ನಾಲಿಗೆ ಹಾಗೆ ಒಂದಾಗುವುದಿಲ್ಲ. ಹಾಗೆಂದು ನಮ್ಮವರ ಸೋಮಾರಿತನವನ್ನು ನಾವು ಮುಚ್ಚಿಡುವುದಿಲ್ಲ. 1947ರ ನಂತರ ಸಾಕಷ್ಟು ಕಾಲ ಸಿಕ್ಕಿತ್ತು. ಮಕ್ಕಳನ್ನು ಉರ್ದು ಶಾಲೆಗೆ ಸೇರಿಸಿ ಕನ್ನಡ ಕಲಿಸದೆ ಬಿಟ್ಟವರು, ಕೈಗೆ ಕಾಸು ಬಂದೊಡನೆ ಎರಡನ್ನೂ ಬಿಟ್ಟು ಕಾನ್ವೆಂಟಿನ ಇಂಗ್ಲಿಷಿಗೆ ಓಡಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ ಕನ್ನಡದ ದೊಡ್ಡ ಕವಿಯಾದರು. ನಮ್ಮ ಗಲ್ಲಿಯಲ್ಲಿ ಎಷ್ಟೋ ಜನಕ್ಕೆ ಅವರ ಹೆಸರು ಗೊತ್ತಾದದ್ದು 2020ರಲ್ಲಿ ಅವರು ತೀರಿಕೊಂಡಾಗ.

ಸೋಮಾರಿತನಕ್ಕೂ ಸಾವಿಗೂ ಮಾತ್ರ ಸಂಬಂಧವಿರಬಾರದು. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಶುರುವಾಯಿತು. ಪ್ರತಿಭಟನೆ ಗಲಭೆಯಾಯಿತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು. ಆಗ ನಾವು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿದ್ದೆವು. ಶಾಲೆ ಮತ್ತೆ ತೆರೆದ ದಿನ ಕನ್ನಡ ಮೇಷ್ಟ್ರು ಹಾಜರಿ ಕರೆಯುವಾಗ ನಮ್ಮ ಹೆಸರು ಬಂದೊಡನೆ ತಲೆಯೆತ್ತಿ ನೋಡಿ, "ಬಂದ್ಯೇನಪ್ಪ, ಕೂತ್ಕೋ" ಎಂದರು. ಅಷ್ಟೇ. ಆ ಒಂದು ಮಾತಿಗೆ ನಾವು ಕನ್ನಡದಲ್ಲಿ ಉಳಿದೆವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ದಂಡಿನಿಂದಾಚೆಯ ಪೂರ್ವವನ್ನು ಕಟ್ಟಿದ್ದು ಇನ್ನೊಂದು ಬಗೆಯ ದಂಡು, ಕಾರ್ಖಾನೆಯ ಕಾರ್ಮಿಕರದು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1948ರಲ್ಲಿ ಕೃಷ್ಣರಾಜಪುರದ ದಾರಿಯಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ ಬಂದು ದೂರವಾಣಿನಗರ ಹುಟ್ಟಿತು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಎದ್ದಿತು. ಬೆಳಗಿನ ಸೈರನ್ನಿಗೆ ಹಳೆ ಮದ್ರಾಸ್ ರಸ್ತೆಯ ತುಂಬ ಸೈಕಲ್ಲು. ಕೋಲಾರ, ತುಮಕೂರು, ಮಂಡ್ಯದ ಹುಡುಗರು ಆ ಕಾರ್ಖಾನೆಗಳ ಮೂಲಕವೇ ಪೂರ್ವಕ್ಕೆ ಕನ್ನಡ ತಂದರು. ನಮ್ಮ ಗಲ್ಲಿಯ ಕೆಲವರೂ ಅಲ್ಲಿ ಫಿಟ್ಟರಾಗಿ ಸೇರಿ, ಊಟದ ಡಬ್ಬಿ ಹಂಚಿಕೊಳ್ಳುತ್ತ ಕನ್ನಡ ಕಲಿತರು. ಶಾಲೆ ಕಲಿಸದಿದ್ದನ್ನು ಕ್ಯಾಂಟೀನು ಕಲಿಸಿತು. ಎನ್‌ಜಿಇಎಫ್ ಮುಚ್ಚಿತು, ಐಟಿಐ ಸೊರಗಿತು. ಅಂಥ ಕ್ಯಾಂಟೀನು ಮತ್ತೆ ಹುಟ್ಟಲಿಲ್ಲ.

ಇಂದಿರಾನಗರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೂರಡಿ ರಸ್ತೆಯ ಹೊಳಪು ಎಲ್ಲರಿಗೂ ಗೊತ್ತು. ಆ ಹೊಳಪಿನ ಹಿಂದೆ ಮೋಟಪ್ಪನಪಾಳ್ಯ, ಅಪ್ಪಾರೆಡ್ಡಿಪಾಳ್ಯ, ದೂಪನಹಳ್ಳಿ, ಕೋಡಿಹಳ್ಳಿ ಎಂಬ ಹಳ್ಳಿಗಳು ಉಸಿರು ಬಿಗಿಹಿಡಿದು ಕೂತಿವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿಯ ಹಳೆಯ ಮನೆಗಳವರಿಗೂ ಈಗ ಯಾರಾದರೂ ಮೂಲ ಯಾವೂರು ಎಂದು ಕೇಳುತ್ತಿರಬಹುದು.

ಹೆಸರುಗಳ ವಿಷಯ ಬಂದಾಗ ಶಿವಾಜಿನಗರವನ್ನೇ ನೋಡಬೇಕು. 1638ರಲ್ಲಿ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದದ್ದು ಬಿಜಾಪುರದ ಆದಿಲ್‌ಶಾಹಿ ಸೇನೆ. ರಣದುಲ್ಲಾ ಖಾನನ ಕೈಕೆಳಗೆ ಬಂದ ಶಹಾಜಿ ಭೋಸಲೆಗೆ ಊರು ಜಹಗೀರಾಗಿ ಸಿಕ್ಕಿತು. ಬಾಲಕ ಶಿವಾಜಿ ಕೆಲಕಾಲ ಇಲ್ಲಿದ್ದ. ಶಹಾಜಿ ಎಂಬ ಹೆಸರಾದರೂ ಎಲ್ಲಿಯದು? ಅಹಮದ್‌ನಗರದ ಸೂಫಿ ಸಂತ ಶಾಹ್ ಷರೀಫರಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳಿಗೆ ಮಾಲೋಜಿ ಶಹಾಜಿ, ಷರೀಫಜಿ ಎಂದು ಹೆಸರಿಟ್ಟ ಎನ್ನುತ್ತದೆ ಪರಂಪರೆ. 2025ರ ಸೆಪ್ಟೆಂಬರಿನಲ್ಲಿ ಶಿವಾಜಿನಗರದ ಮೆಟ್ರೊ ನಿಲ್ದಾಣಕ್ಕೆ ಸಂತ ಮೇರಿಯ ಹೆಸರಿಡುವ ಮಾತೆದ್ದು, ಮಹಾರಾಷ್ಟ್ರದವರೆಗೆ ಕೂಗಾಟ ನಡೆಯಿತು. ಪೀರರ ಹೆಸರು ಹೊತ್ತವನ ಮಗನ ಹೆಸರಿನ ಬೀದಿಯಲ್ಲಿ, ಮರಿಯಮ್ಮನ ಗುಡಿಯ ಎದುರು, ಮುಸ್ಲಿಂ ಅಂಗಡಿಯಲ್ಲಿ ಮಲ್ಲಿಗೆ ಕೊಂಡು ಮೀನಾಕ್ಷಿಯ ಗುಡಿಗೆ ಹೋಗುವ ಹೆಂಗಸಿಗೆ ಈ ಕೂಗಾಟ ಕೇಳಿಸಿತೋ ಇಲ್ಲವೋ ನಾವು ಕಾಣೆವು.

ರಸೆಲ್ ಮಾರ್ಕೆಟಿಗೆ 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟಾಗ, ಇನ್ನು ಇದು ಏಳುವುದಿಲ್ಲ ಎಂದುಕೊಂಡೆವು. ಕೆಲವೇ ದಿನಗಳಲ್ಲಿ ಸುಟ್ಟ ಗೋಡೆಗೆ ಒರಗಿಕೊಂಡೇ ಹಣ್ಣಿನವರು ಕೂತಿದ್ದರು. ಆದರೂ ಗಲ್ಲಿಗಳು ಖಾಲಿಯಾಗುತ್ತಿವೆ. ಬಾಡಿಗೆ ಏರಿತು, ಮನೆಗಳು ಗೋದಾಮುಗಳಾದವು. ಶಿವಾಜಿನಗರದ ಮನೆತನಗಳು ಪೂರ್ವಕ್ಕೆ ಜರುಗುತ್ತಿವೆ: ಟ್ಯಾನರಿ ರಸ್ತೆ, ರಾಮಮೂರ್ತಿನಗರ, ಕೆ.ಆರ್. ಪುರ. ನಮ್ಮ ತಂಗಿಯ ಮನೆಯವರೂ ಕೆ.ಆರ್. ಪುರ ಸೇರಿದ್ದಾರೆ. ಮೊದಲು ಅಲ್ಲಿಗೆ ಎರಡು ಬಸ್ಸು ಬದಲಿಸಿ, ಟಿನ್ ಫ್ಯಾಕ್ಟರಿಯಲ್ಲಿ ಒಂದು ಗಂಟೆ ಹೊಗೆ ಕುಡಿದು ಹೋಗಬೇಕಿತ್ತು. 2023ರ ಅಕ್ಟೋಬರಿನಿಂದ ಬೈಯಪ್ಪನಹಳ್ಳಿ, ಕೆ.ಆರ್. ಪುರದ ನಡುವೆ ಮೆಟ್ರೊ ಓಡುತ್ತಿದೆ. ಎಂ.ಜಿ. ರಸ್ತೆಯಲ್ಲಿ ಹತ್ತಿ, ಹಲಸೂರು, ಇಂದಿರಾನಗರ ದಾಟಿ, ತೂಗುಸೇತುವೆಯನ್ನು ನೋಡುತ್ತ ಇಳಿಯುತ್ತೇವೆ. ದಂಡಿನ ಹಿಂದೆ ನಮ್ಮ ಹಿರಿಯರು ಬಂದದ್ದು ಯಾವ ದಿಕ್ಕಿನಿಂದಲೋ ಆ ದಿಕ್ಕಿಗೇ ಈಗ ಅವರ ಮಕ್ಕಳು ಸಾಮಾನು ಕಟ್ಟಿಕೊಂಡು ಹೊರಟಿದ್ದಾರೆ.

ಹೋದ ತಿಂಗಳು ಕೆ.ಆರ್. ಪುರದ ಸಂತೆಯಲ್ಲಿ ತಂಗಿಯೊಡನೆ ಸೊಪ್ಪು ಕೊಳ್ಳುತ್ತಿದ್ದೆವು. ನಾವಿಬ್ಬರೂ ದಖನಿಯಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿ, ಸೊಪ್ಪಿನ ಅಜ್ಜಿ ತೆಲುಗು ಬೆರೆತ ಕನ್ನಡದಲ್ಲಿ ವಿಚಾರಿಸಿದರು.

"ಯಾವ ಕಡೆಯಿಂದ ಬಂದ್ರಿ ಸ್ವಾಮಿ?"

"ಶಿವಾಜಿನಗರದಿಂದ, ಅಜ್ಜಿ."

"ಓ, ದಂಡಿನೋರಾ" ಎಂದು ಅಜ್ಜಿ ಒಂದು ಕಟ್ಟು ಸಬ್ಬಸಿಗೆಯನ್ನು ಹೆಚ್ಚಿಗೆ ಹಾಕಿದರು. "ನಮ್ಮತ್ತೆ ಕಾಲದಿಂದ ದಂಡಿಗೇ ನಾವು ಸೊಪ್ಪು ಹಾಕ್ತಿದ್ದಿದ್ದು."